ಆರಾಮ ಅದೇವ್ರಿ

ಬ್ಯಾಡಗಿ ಪೇಟೆಯಲ್ಲಿ ನೀರು ಕುಡಿಯದೆ ದಿನ ಕಳೆಯುವ ಪಂದ್ಯವೇನಾದರೂ ಇಟ್ಟಿದ್ದರೆ ಮೊದಲ ಬಹುಮಾನ ದ್ರಾಕ್ಷಾಯಿಣಿಗೇ ಬರುತ್ತಿತ್ತು. ಬೆಳಿಗ್ಗೆ ಮೋಟೆಬೆನ್ನೂರಿನ ಮನೆಯಲ್ಲಿ ಅರ್ಧ ಲೋಟ ಚಹಾ ಕುಡಿದು ಟಂಟಂ ಆಟೋ ಹತ್ತಿದಳೆಂದರೆ, ಸಂಜೆ ಅದೇ ಟಂಟಂ ಇಳಿದು ಮನೆಯ ಹಿತ್ತಲಿಗೆ ಓಡುವವರೆಗೆ ಅವಳ ನಾಲಿಗೆಗೆ ಹನಿ ನೀರು ತಾಗುತ್ತಿರಲಿಲ್ಲ. ಜೊತೆಗೆ ಕೂಲಿ ಮಾಡುವ ಉಳಿದ ಹೆಂಗಸರು ಮಧ್ಯಾಹ್ನ ರೊಟ್ಟಿ ಗಂಟಲಲ್ಲಿ ನಿಂತಾಗ ಒಂದು ಗುಟುಕು ಕುಡಿದು, ಆಮೇಲೆ ಸಂಜೆವರೆಗೂ ಪಶ್ಚಾತ್ತಾಪ ಪಡುತ್ತಿದ್ದರು. ದ್ರಾಕ್ಷಾಯಿಣಿ ಹಾಗಲ್ಲ. ರೊಟ್ಟಿಗೆ ಮೊಸರು ಹಚ್ಚಿ ಹಾಗೇ ಇಳಿಸುತ್ತಿದ್ದಳು. ಪಕ್ಕದಲ್ಲಿ ಕೂರುವ ಜಾಹೀದಾ ಅವಳಿಗೆ ರಾಜಸ್ಥಾನದ ಒಂಟೆ ಎಂದು ಹೆಸರಿಟ್ಟಿದ್ದಳು. ದ್ರಾಕ್ಷಾಯಿಣಿಗೆ ಆ ಹೆಸರಿನ ಬಗ್ಗೆ ಬೇಸರವಿರಲಿಲ್ಲ, ಒಳಗೊಳಗೇ ಹೆಮ್ಮೆಯೇ ಇತ್ತು. ಬಡವಿಗೆ ಹೆಮ್ಮೆಪಡಲು ಏನಾದರೊಂದು ಬೇಕಲ್ಲ.

ಇದರ ಹಿಂದೆ ವ್ರತವೂ ಇರಲಿಲ್ಲ, ಹರಕೆಯೂ ಇರಲಿಲ್ಲ. ಸಿದ್ದಲಿಂಗೇಶ ಸಾಹುಕಾರರ ಮೆಣಸಿನಕಾಯಿ ಗೋದಾಮಿನಲ್ಲಿ, ಅಂದರೆ ವಖಾರಿಯಲ್ಲಿ, ಹೆಂಗಸರಿಗೆ ಒಂದಕ್ಕೆ ಹೋಗಲು ಜಾಗವಿರಲಿಲ್ಲ, ಅಷ್ಟೆ. ಮೊದಲು ವಖಾರಿಯ ಹಿಂದೆ ಜಾಲಿ ಕಂಟಿಗಳಿದ್ದವು. ಒಬ್ಬಳು ಹೋದರೆ ಇನ್ನೊಬ್ಬಳು ಕಾವಲು ನಿಲ್ಲುತ್ತಿದ್ದಳು. ಸಾಹುಕಾರರು ಆ ಜಾಗವನ್ನು ಪ್ಲಾಟು ಮಾಡಿ ಮಾರಲು ಇಟ್ಟ ಮೇಲೆ ಕಂಟಿ ಹೋದವು, ಗಡಿಕಲ್ಲು ಬಂದವು. ಗಡಿಕಲ್ಲಿನ ಮರೆಯಲ್ಲಿ ನಾಯಿ ಕಾಲೆತ್ತಬಹುದು. ಹೆಂಗಸು ಕೂರಲು ಆಗುವುದಿಲ್ಲ.

ಕೆಲಸವೆಂದರೆ ಮೆಣಸಿನಕಾಯಿಯ ತೊಟ್ಟು ಮುರಿಯುವುದು. ತೊಟ್ಟಿಗೆ ಈ ಕಡೆ ತುಂಬು ಎನ್ನುತ್ತಾರೆ. ಬಿಸಿಲಿನಲ್ಲಿ ತಾಡಪತ್ರಿ ಹಾಸಿ, ಗುಡ್ಡದಂತೆ ಸುರಿದ ಕೆಂಪು ಕಾಯಿಯ ಸುತ್ತ ಹೆಂಗಸರು ಕೂರುತ್ತಾರೆ. ಮೂಗಿಗೆ ಸೆರಗು ಕಟ್ಟಿರುತ್ತಾರೆ, ಆದರೂ ಘಾಟು ಬಿಡುವುದಿಲ್ಲ. ಒಬ್ಬಳು ಸೀನಿದರೆ ಸಾಲೆಲ್ಲ ಸೀನುತ್ತದೆ. ಸಂಜೆ ಮನೆಗೆ ಹೋದ ಮೇಲೂ ಕೈ ಉರಿಯುತ್ತಲೇ ಇರುತ್ತದೆ. ದ್ರಾಕ್ಷಾಯಿಣಿ ಮೊಮ್ಮಗನ ಗಲ್ಲ ಮುಟ್ಟಬೇಕಾದರೆ ಬೆರಳು ಬಳಸುತ್ತಿರಲಿಲ್ಲ, ಮೊಣಕೈ ಬಳಸುತ್ತಿದ್ದಳು. ಆ ಕೂಸು ಅಜ್ಜಿಯರೆಲ್ಲ ಮೊಣಕೈಯಿಂದಲೇ ಮುದ್ದು ಮಾಡುತ್ತಾರೆ ಎಂದು ತಿಳಿದುಕೊಂಡಿತ್ತು.

ಹೆಸರಿನ ಕತೆಯೂ ಹೀಗೇ. ಅಪ್ಪ ದಾಕ್ಷಾಯಿಣಿ ಎಂದು ಹೇಳಿ ಶಾಲೆಗೆ ಹಾಕಿದ್ದ. ಮಾಸ್ತರು ದ್ರಾಕ್ಷಾಯಿಣಿ ಎಂದು ಬರೆದುಕೊಂಡರು. ಯಾರಾದರೂ ಹೆಸರು ಕೇಳಿದರೆ ಅವಳೇ ನಗುತ್ತಿದ್ದಳು. "ಹೆಸರನ್ಯಾಗ ದ್ರಾಕ್ಷಿ ಐತ್ರಿ, ಉಡ್ಯಾಗ ಮೆಣಸಿನಕಾಯಿ ಅದಾವ. ದೇವ್ರು ಬುಟ್ಟಿ ಅದಲು ಬದಲು ಮಾಡ್ಯಾನ."

ಒಂದು ದಿನ ಒಂಟೆಗೆ ಪಕ್ಕೆಯಲ್ಲಿ ನೋವು ಬಂತು. ಬಂದ ನೋವು ಕೂತಲ್ಲಿಯೇ ಅವಳನ್ನು ಮಡಚಿ ಹಾಕಿತು. ಜಾಹೀದಾ ಕೆಲಸ ಬಿಟ್ಟು ಅವಳನ್ನು ರಾಣೇಬೆನ್ನೂರಿನ ದವಾಖಾನೆಗೆ ಕರೆದುಕೊಂಡು ಹೋದಳು. ಡಾಕ್ಟರಮ್ಮ ಹೊಟ್ಟೆ ಒತ್ತಿ, ಚಿತ್ರ ತೆಗೆಸಿ, ಕನ್ನಡಕದ ಮೇಲಿಂದ ನೋಡಿದರು.

"ನೀರ ಎಷ್ಟ ಕುಡೀತೀರಿ?"

"ಬೇಕಾದಷ್ಟ ಕುಡೀತೇನ್ರಿ."

ಜಾಹೀದಾ ನಡುವೆ ಬಾಯಿ ಹಾಕಿದಳು. "ಸುಳ್ಳ ಹೇಳಾಕತ್ತಾಳ್ರಿ. ಹಗಲೆಲ್ಲಾ ಒಂದ ಹನಿ ಮುಟ್ಟಾಂಗಿಲ್ಲ ಈಕಿ."

"ಯಾಕ?"

ದ್ರಾಕ್ಷಾಯಿಣಿ ಸೆರಗು ಸರಿಮಾಡಿಕೊಂಡಳು. ಜಾಹೀದಾ ಕಾರಣ ಹೇಳಿದಳು. ಡಾಕ್ಟರಮ್ಮ ಚೀಟಿ ಬರೆಯುತ್ತ ಹೇಳಿದರು. "ಕಿಡ್ನ್ಯಾಗ ಹರಳ ಆಗ್ಯಾವ. ಸೋಂಕೂ ಐತಿ. ಹಿಂಗ ನಡದ್ರ ಕಿಡ್ನಿ ಕೈ ಕೊಡತಾವ ನೋಡ್ರಿ. ತಾಸಿಗೊಮ್ಮೆ ನೀರ ಕುಡೀಬೇಕು. ಬಂದಾಗ ತಡಕೋಬಾರದು. ಗುಳಿಗಿ ಆಮ್ಯಾಲಿನ ಮಾತು."

ಬಸ್ಸಿನಲ್ಲಿ ಬರುವಾಗ ದ್ರಾಕ್ಷಾಯಿಣಿಗೆ ನಗು ಬಂತು. "ನಂದ ನಸೀಬ ಚಲೋ ಐತಿ ನೋಡ. ಮಂದಿಗೆ ತುಟ್ಟಿ ಔಷಧ ಬರೀತಾರ, ನನಗ ನೀರ ಬರದಾರ."

"ಒಳಗ ಹಾಕೂದು ಸೋವಿ ಐತಿ ಅಕ್ಕಾ," ಎಂದಳು ಜಾಹೀದಾ. "ಹೊರಗ ಹಾಕೂದ ತುಟ್ಟಿ."

ಇಬ್ಬರೂ ಮೋಟೆಬೆನ್ನೂರು ಬರುವವರೆಗೆ ನಕ್ಕರು. ನಗುವಾಗ ಪಕ್ಕೆ ನೋಯುತ್ತಿತ್ತು, ಅದಕ್ಕೂ ನಕ್ಕರು.

ಅದಾದ ಸ್ವಲ್ಪ ದಿನಕ್ಕೇ ಸುದ್ದಿ ಬಂತು. ತಂದವನು ಜಾಹೀದಾಳ ತಮ್ಮ ಹಜರತಅಲಿ. ಅವನು ಅದೇ ವಖಾರಿಯಲ್ಲಿ ಹಮಾಲ. ಸಾಹುಕಾರರಿಂದ ಕಾಯಿ ಕೊಳ್ಳುವ ಹೊರದೇಶದ ಮಸಾಲೆ ಕಂಪನಿಯವರು ಯಾವುದಾದರೂ ಒಂದು ವಖಾರಿಯಲ್ಲಿ ಹೆಂಗಸರಿಗಾಗಿ ನೆರಳು, ನಳ, ಸಂಡಾಸ ಕಟ್ಟಿಸಿಕೊಡುತ್ತಾರಂತೆ. ಎಲ್ಲಿ ಹೆಂಗಸರಿಗೆ ತ್ರಾಸ ಹೆಚ್ಚಿದೆಯೋ ಅಲ್ಲಿ. ಅದಕ್ಕೆ ಮೊದಲು ಒಬ್ಬರು ಬಂದು ಎಲ್ಲರನ್ನೂ ಮಾತಾಡಿಸಿ, ಬದುಕು ಹೇಗಿದೆ ಎಂದು ಕೇಳಿಕೊಂಡು ಹೋಗುತ್ತಾರಂತೆ.

"ನಮ್ಮನ್ನ ಕೇಳ್ತಾರಂತ?" ಎಂದಳು ಮೈಲವ್ವ. ಅವಳು ಸಾಲಿನಲ್ಲಿ ಎಲ್ಲರಿಗಿಂತ ಹಿರಿಯಳು, ಮೊದಲ ಗಂಡನ ಕಾಲದಿಂದ ತುಂಬು ಮುರಿಯುತ್ತಿದ್ದಾಳೆ ಎಂದು ಹೇಳಿಕೊಳ್ಳುತ್ತಿದ್ದಳು. ಎರಡನೇ ಗಂಡ ಯಾವಾಗ ಬಂದ ಎಂದು ಯಾರೂ ಕೇಳಿರಲಿಲ್ಲ. "ಮೆಣಸಿನಕಾಯಿಗೆ ರೇಟು ಕೇಳ್ತಾರ, ಮಳಿರಾಯಗ ಯಾವಾಗ ಬರ್ತಿ ಅಂತ ಕೇಳ್ತಾರ. ನಮ್ಮನ್ನ ಕೇಳೂದು ಹೊಸಾದು."

ಕೇಳಲು ಬಂದಾಗ ಯಾರು ಮಾತಾಡಬೇಕು ಎಂಬ ಪ್ರಶ್ನೆಯೇ ಏಳಲಿಲ್ಲ. ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ಒಮ್ಮೆ ದ್ರಾಕ್ಷಾಯಿಣಿ ಮೈಕು ಹಿಡಿದಿದ್ದಳು. ಹಿಡಿದ ಮೈಕನ್ನು ಹಿಂದಕ್ಕೆ ಪಡೆಯಲು ಅಧ್ಯಕ್ಷೆ ಒದ್ದಾಡಿದ್ದು ಊರಿಗೆಲ್ಲ ಗೊತ್ತಿತ್ತು. ಮೇಲಾಗಿ ಪಕ್ಕೆಯಲ್ಲಿ ಹರಳು ಇದ್ದದ್ದು ಅವಳಿಗೇ.

"ನೀ ಮದಲ ಹೇಳ ಅಕ್ಕಾ," ಎಂದಳು ಜಾಹೀದಾ. "ನೀ ಹೆಂಗ ಹೇಳ್ತಿ ಹಂಗ ನಾವು ಹೇಳ್ತೇವಿ. ಸಂಡಾಸ ಇಲ್ಲ, ನೀರ ಕುಡಿಯಾಕ ಅಂಜಿಕಿ, ಕಿಡ್ನಿ ಹಾಳಾಗ್ಯಾವ. ಸೀದಾ ಹೇಳಿಬಿಡು."

"ಅದರಾಗ ಏನೈತಿ," ಎಂದಳು ದ್ರಾಕ್ಷಾಯಿಣಿ.

ಮನೆಯಲ್ಲಿ ಅವಳು ಹಿತ್ತಲಿನ ಆಡಿನ ಮುಂದೆ ನಿಂತು ಅಭ್ಯಾಸ ಮಾಡಿದಳು. ತಾಯಂದಿರೇ ಎಂದು ಶುರುಮಾಡಿ, ನಮ್ಮ ಕಷ್ಟ ನಾವೇ ಹೇಳದಿದ್ದರೆ ಇನ್ಯಾರು ಹೇಳಬೇಕು ಎಂಬಲ್ಲಿಗೆ ಮುಗಿಸಿದಳು. ನಡುವೆ ಸಂಡಾಸದ ಮಾತು ಸ್ಪಷ್ಟವಾಗಿ ಬಂತು. ಆಡು ತಲೆಯಾಡಿಸಿತು. ಭಾಷಣ ಚೆನ್ನಾಗಿದೆ ಎಂದು ದ್ರಾಕ್ಷಾಯಿಣಿ ತೀರ್ಮಾನಿಸಿದಳು.

ಕೇಳುವವರು ಬರುವ ದಿನ ಬಂತು. ಆ ದಿನ ಮಾಡಿದ ತಪ್ಪನ್ನು ನೆನೆದು ದ್ರಾಕ್ಷಾಯಿಣಿ ಈಗಲೂ ಹಣೆ ಬಡಿದುಕೊಳ್ಳುತ್ತಾಳೆ. ಮಂದಿ ಬರುತ್ತಾರೆಂದರೆ ಹರಕು ಸೀರೆಯಲ್ಲಿ ಕೂರಲಾಗುತ್ತದೆಯೇ ಎಂದು ಮಗಳ ಮದುವೆಗೆ ಉಟ್ಟಿದ್ದ ಇಳಕಲ್ಲ ಸೀರೆ ಉಟ್ಟುಕೊಂಡು ಹೋದಳು. ಟಂಟಂ ಹತ್ತಿ ನೋಡಿದರೆ ಎಲ್ಲರಿಗೂ ಅದೇ ಬುದ್ಧಿ ಬಂದಿತ್ತು. ಒಬ್ಬಳು ಮಲ್ಲಿಗೆ ಮುಡಿದಿದ್ದಳು. ಜಾಹೀದಾ ಈದಿಗೆ ಹೊಲಿಸಿದ ಹಸಿರು ಚೂಡಿದಾರ ಹಾಕಿ, ಕಣ್ಣಿಗೆ ಸುರಮಾ ಹಚ್ಚಿದ್ದಳು. ಬಂದವರು ಉಪವಾಸ ಹೋಗಬಾರದೆಂದು ಒಬ್ಬಳು ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಒಬ್ಬಳು ಶೇಂಗಾ ಚಟ್ನಿ, ಮೈಲವ್ವ ಡಬ್ಬಿಯ ತುಂಬ ಗುರೆಳ್ಳು ಚಟ್ನಿಪುಡಿ ತಂದಿದ್ದರು. ಟಂಟಂ ಡ್ರೈವರ್ ಕೇಳಿದ. "ಯಾರದ ಲಗ್ನ ಐತಬೇ ಇವತ್ತ?"

ಬಂದವಳು ಮೇಘಾ ಎಂಬ ಹುಡುಗಿ. ಮೈಸೂರಿನ ಕಡೆಯವಳು. ಕೈಯಲ್ಲಿ ಹಲಗೆಯಷ್ಟು ದೊಡ್ಡ ಫೋನು ಇತ್ತು. ಅವಳ ಹಿಂದೆ ಕಂಪನಿಯ ಕಾರಿನ ಡ್ರೈವರ್, ಮೀಸೆ ಹೊತ್ತ ಗಂಡಸು, ಗೋಡೆಯ ನೆರಳಿಗೆಂದು ಬಂದು ಹತ್ತಿರದಲ್ಲೇ ನಿಂತುಕೊಂಡ. ಸಿದ್ದಲಿಂಗೇಶ ಸಾಹುಕಾರರು ಹುಡುಗಿಗೆ ಕುರ್ಚಿ ಹಾಕಿಸಿದರು.

"ನಾ ಇಲ್ಲೆ ಇದ್ರ ಅವರು ಖರೇ ಹೇಳಾಂಗಿಲ್ರಿ ಮೇಡಂ. ನಾ ಆಫೀಸಿಗೆ ಹೋಗ್ತೇನಿ, ನೀವು ಆರಾಮಶೀರ ಕೇಳ್ರಿ," ಎಂದರು. ಎರಡು ಹೆಜ್ಜೆ ಹೋಗಿ, ತಿರುಗಿ, ದಿನಾ ಕೇಳುವಂತೆಯೇ ಕೇಳಿದರು. "ಆರಾಮ ಏನವಾ ದ್ರಾಕ್ಷಾಯಿಣಿ?"

"ಆರಾಮ ಅದೇವ್ರಿ ಸಾವ್ಕಾರ್ರ," ಎಂದಳು ದ್ರಾಕ್ಷಾಯಿಣಿ. ಸಾಲಿಗೆ ಸಾಲೇ ಆರಾಮ ಎಂದಿತು.

ಹುಡುಗಿಯ ಬೆರಳು ಫೋನಿನ ಮೇಲೆ ಓಡಿದ್ದನ್ನು ಆಗ ಯಾರೂ ಗಮನಿಸಲಿಲ್ಲ. ಸಾಹುಕಾರರು ನಗುತ್ತ ಆಫೀಸಿನೊಳಗೆ ಹೋದರು. ಅವರು ಯಾರಿಗೂ ಸುಳ್ಳು ಹೇಳಿಕೊಟ್ಟಿರಲಿಲ್ಲ. ತಮ್ಮ ಹೆಂಗಸರ ಮರ್ಯಾದೆಯ ಮೇಲೆ ಅವರಿಗೆ ಪೂರ್ತಿ ಭರವಸೆ ಇತ್ತು.

ಮೇಘಾ ಕುರ್ಚಿ ಬಿಟ್ಟು ತಾಡಪತ್ರಿಯ ಮೇಲೆ ಬಂದು ಕೂತಳು. ಕೂತವಳೇ ಸೀನಿದಳು. ಹೆಂಗಸರಿಗೆ ಅವಳು ಅಲ್ಲಿಯೇ ಹಿಡಿಸಿಬಿಟ್ಟಳು. ಮೊದಲು ಉಣ್ಣು ಎಂದು ಕೈಗೆ ರೊಟ್ಟಿ ಕೊಟ್ಟರು. ಅವಳು ಉಂಡಳು. ಆಮೇಲೆ ಕೇಳತೊಡಗಿದಳು.

"ಕೆಲವರು ಯಾಕೆ ಬಡವರಾಗಿ ಉಳೀತಾರೆ ಅಂತ ನಿಮಗನ್ಸುತ್ತೆ ಅಮ್ಮ?"

ಇದು ದ್ರಾಕ್ಷಾಯಿಣಿ ಓದದೇ ಬಂದ ಪಾಠ. ಆದರೂ ಮಾತಿಗೆ ಬರವಿರಲಿಲ್ಲ. "ಮೈಗಳ್ಳತನ್ರಿ," ಎಂದಳು. "ಮೈ ಮುರದ ದುಡದ್ರ ಯಾಕ ಬರತೈತ್ರಿ ಬಡತನ? ಕುಡೀತಾರ, ಇಸ್ಪೀಟ ಆಡ್ತಾರ. ಕೆಲವರದು ಹಣೆಬರಹಾನೂ ಇರತೈತಿ ಅನ್ರಿ. ಪಾಪ, ಬಡವ್ರು ಅಂದ್ರ ಭಾಳ ಕಷ್ಟ."

ಹೇಳುವಾಗ ಅವಳ ಉರಿಯುವ ಬೆರಳುಗಳು ಮಡಿಲಲ್ಲಿ ಸುಮ್ಮನೆ ಕೂತಿರಲಿಲ್ಲ, ಅಭ್ಯಾಸಬಲದಿಂದ ತುಂಬು ಮುರಿಯುತ್ತಲೇ ಇದ್ದವು. ಬಡವರು ಯಾರೋ ಬೇರೆ ಊರಿನವರು, ರೈಲಿನಲ್ಲಿ ಬಂದು ಹೋಗುವವರು ಎಂಬಂತೆ ಅವಳು ಮರುಗಿದಳು. ಸಾಲಿನಲ್ಲಿ ಎಲ್ಲರೂ ಹೌದೆಂದು ಮರುಗಿದರು.

"ಒಳ್ಳೆ ಬದುಕು, ತುಂಬು ಬದುಕು ಅಂದ್ರೆ ನಿಮ್ಮ ಪ್ರಕಾರ ಏನು?"

ತುಂಬು ಎಂದ ಕೂಡಲೇ ಮೈಲವ್ವ ಹಲ್ಲಿಲ್ಲದ ಬಾಯಿ ತೆಗೆದು ನಕ್ಕಳು. "ತುಂಬು ಬದುಕ ನಂದ ನೋಡವ್ವಾ. ಮುರದ ಮುರದ ಇನ್ನೂ ಮುಗದಿಲ್ಲ." ಹೆಂಗಸರೆಲ್ಲ ನಕ್ಕರು, ಹುಡುಗಿಗೆ ಅರ್ಥವಾಗಲಿಲ್ಲ, ಅರ್ಥ ಹೇಳಿದ ಮೇಲೆ ಅವಳೂ ನಕ್ಕಳು.

ದ್ರಾಕ್ಷಾಯಿಣಿ ಯೋಚಿಸಿದಳು. ಅವಳಿಗೆ ಕಣ್ಣೆದುರು ಬಂದದ್ದು ನಟ್ಟನಡು ಮಧ್ಯಾಹ್ನ ಒಂದು ತಂಬಿಗೆ ತಣ್ಣೀರು. ಮೇಲೆತ್ತಿ, ಗಟಗಟ ಕುಡಿದು, ಯಾವ ಅಂಜಿಕೆಯೂ ಇಲ್ಲದೆ ಬಾಯಿ ಒರೆಸಿಕೊಳ್ಳುವುದು. ಅದಕ್ಕಿಂತ ಒಳ್ಳೆಯ ಬದುಕು ಇರಲಿಕ್ಕಿಲ್ಲ ಎನ್ನಿಸಿತು. ಆದರೆ ಓದಿದ ಹುಡುಗಿಯ ಮುಂದೆ ನೀರು ಎನ್ನುವುದು ಹೇಗೆ? ಸಂಘದಲ್ಲಿ ಕೇಳಿದ ಮಾತು ಹೇಳಿದಳು. "ಉಂಡು, ಉಟ್ಟು, ನಾಕ ಮಂದಿಗೆ ಬೇಕಾಗಿ ಇರೂದ್ರಿ."

ಆಮೇಲೆ ಹುಡುಗಿ ಫೋನಿನಲ್ಲಿ ಒಂದು ಏಣಿಯ ಚಿತ್ರ ತೋರಿಸಿದಳು. ಹತ್ತು ಮೆಟ್ಟಿಲು. ಎಲ್ಲಕ್ಕಿಂತ ಚೆನ್ನಾದ ಬದುಕು ಹತ್ತನೆಯದು, ಎಲ್ಲಕ್ಕಿಂತ ಕೆಟ್ಟದ್ದು ಒಂದನೆಯದು. "ನೀವು ಎಷ್ಟನೇ ಮೆಟ್ಟಿಲ ಮೇಲಿದೀರ?"

ದ್ರಾಕ್ಷಾಯಿಣಿ ಏಣಿಯನ್ನು ಬಹಳ ಹೊತ್ತು ನೋಡಿದಳು. ಹತ್ತರಲ್ಲಿ ಸಾಹುಕಾರರು ಕೂತಿದ್ದರು. ಒಂಬತ್ತು, ಎಂಟು ನೌಕರಿಯವರಿಗೆ, ಮಾಸ್ತರರಿಗೆ ಬಿಡಬೇಕು. ಕೆಳಗೆ ನೋಡಿದರೆ ಹಾವೇರಿ ಬಸ್ ನಿಲ್ದಾಣದಲ್ಲಿ ಮಲಗುವ ಮುದುಕಿ ಇದ್ದಳು, ದೇವರಗುಡ್ಡದ ಮೆಟ್ಟಿಲ ಮೇಲೆ ಕೈ ಚಾಚುವವರಿದ್ದರು. ತಾನು ಅವರ ಹತ್ತಿರ ಹೋಗಿ ಕೂತರೆ ದೇವರಿಗೆ ಸಿಟ್ಟು ಬರಬಹುದು. ನೆತ್ತಿಯ ಮೇಲೆ ಅಸ್ತು ದೇವತೆಗಳು ತಿರುಗುತ್ತಿರುತ್ತವೆ, ಕೆಟ್ಟದ್ದು ಆಡಿದರೆ ಅಸ್ತು ಎಂದುಬಿಡುತ್ತವೆ. ಉಟ್ಟದ್ದು ಬೇರೆ ಇಳಕಲ್ಲ ಸೀರೆ. ಆ ಸೀರೆಯಲ್ಲಿ ಮೂರನೇ ಮೆಟ್ಟಿಲಿಗೆ ಇಳಿಯುವುದು ಚೆನ್ನಾಗಿ ಕಾಣುವುದಿಲ್ಲ.

"ಏಳ ಬರಕೊಳ್ರಿ," ಎಂದಳು.

ಜಾಹೀದಾ ಅವಳ ತೊಡೆ ಚಿವುಟಿದಳು. ಆದರೆ ತನ್ನ ಸರದಿ ಬಂದಾಗ ಜಾಹೀದಾಳೂ ಏಳು ಎಂದಳು. ಪಕ್ಕದವಳು ಏಳರಲ್ಲಿ ಕೂತಿರುವಾಗ ತಾನು ಮೂರು ಎಂದರೆ ಮನೆಯಲ್ಲಿ ಒಲೆ ಉರಿಯುವುದಿಲ್ಲ ಎಂದು ತಿಳಿಯುತ್ತಾರೆ. ಮಲ್ಲಿಗೆ ಮುಡಿದವಳು ಎಂಟಕ್ಕೇ ಹೋದಳು. ಮೈಲವ್ವ ಮಾತ್ರ, "ಏಣಿ ಹತ್ತೂ ವಯಸ್ಸ ಅಲ್ಲವ್ವಾ ನಂದು, ನಡುವ ಎಲ್ಲೆರ ಕುಂದ್ರಸು," ಎಂದಳು.

ಕೊನೆಗೆ ಆ ಪ್ರಶ್ನೆ ಬಂತು. "ಕೆಲಸದ ಜಾಗದಲ್ಲಿ ಏನಾದ್ರೂ ತೊಂದರೆ ಇದೆಯಾ ಅಮ್ಮ?"

ಇದಕ್ಕಾಗಿಯೇ ಆಡಿನ ಮುಂದೆ ನಿಂತಿದ್ದು. ದ್ರಾಕ್ಷಾಯಿಣಿ ಬಾಯಿ ತೆರೆದಳು. ಎದುರಿಗೆ ಲಗ್ನವಾಗದ ಹುಡುಗಿ, ಈಗಷ್ಟೇ ತನ್ನ ಕೈಯ ರೊಟ್ಟಿ ಉಂಡವಳು. ಅವಳ ಹಿಂದೆ ಮೀಸೆಯ ಡ್ರೈವರ್, ಕಿವಿ ಇತ್ತ ಕೊಟ್ಟು ನಿಂತವನು. ಒಂದಕ್ಕೆ ಹೋಗುವ ಮಾತನ್ನು ಅವನಿಗೆ ಕೇಳಿಸುವಂತೆ ಹೇಗೆ ಆಡುವುದು? ಪಕ್ಕೆಯ ಹರಳು ಅಲ್ಲಿಯೇ ಚುಚ್ಚಿ ನೆನಪು ಮಾಡಿತು. ಆದರೂ ಮಾತು ಬೇರೆಯೇ ಬಂತು.

"ಅಂಥಾದ್ದೇನ ಇಲ್ರಿ. ಒಂದೀಟ ನೆರಳ ಇದ್ರ ಚಲೋ."

"ಅಂದ್ರೆ ದೊಡ್ಡ ತೊಂದರೆ ಏನಿಲ್ಲ?"

"ದೊಡ್ಡದೇನಿಲ್ರಿ."

ಸಂಜೆ ಟಂಟಂನಲ್ಲಿ ಸಾಲೆಲ್ಲ ಮನೆಗೆ ಹೊರಟಿತು. ಅರ್ಧ ದಾರಿಯಲ್ಲಿ ಜಾಹೀದಾ ಕೇಳಿದಳು. "ಆಡಿನ ಮುಂದ ಹೇಳಿದ್ದ ಎಲ್ಲಿ ಹೋತ ಅಕ್ಕಾ?"

"ಆಡಿಗೆ ಮೀಸಿ ಇದ್ದಿದ್ದಿಲ್ಲ," ಎಂದಳು ದ್ರಾಕ್ಷಾಯಿಣಿ.

ನಗಬೇಕೆಂದೇ ಹೇಳಿದ್ದು. ಅವತ್ತು ಯಾರೂ ನಗಲಿಲ್ಲ.

ಹೋಳಿ ಹುಣ್ಣಿಮೆ ಕಳೆದ ಮೇಲೆ ವಖಾರಿಯ ಮೂಲೆಯಲ್ಲಿ, ಸಾಹುಕಾರರ ಆಫೀಸಿಗೆ ಹೊಂದಿಕೊಂಡು ಗೋಡೆ ಏಳತೊಡಗಿತು. ಕಂಪನಿಯ ರೊಕ್ಕದಲ್ಲೇ ಕಟ್ಟುತ್ತಿದ್ದಾರೆ, ಸಂಡಾಸವೇ, ತಾನೇ ಇಟ್ಟಂಗಿ ಹೊತ್ತಿದ್ದೇನೆ ಎಂದು ಹಜರತಅಲಿ ಆಣೆ ಮಾಡಿ ಹೇಳಿದ. ಹೆಂಗಸರಿಗೆ ಹೋದ ಜೀವ ಬಂತು. ದ್ರಾಕ್ಷಾಯಿಣಿ ಎಲ್ಲರಿಗಿಂತ ಹೆಚ್ಚು ಕುಣಿದಳು. ಬಾಯಿ ಬಿಟ್ಟು ಹೇಳದಿದ್ದರೂ ಆ ಹುಡುಗಿ ಮುಖ ನೋಡಿಯೇ ತಿಳಿದುಕೊಂಡಿದ್ದಾಳೆ, ಓದಿದವರು ಓದಿದವರೇ ಎಂದಳು. ನೀಲಿ ಟೈಲ್ಸು ಬಂತು. ಕನ್ನಡಿ ಬಂತು. ಮೈಲವ್ವನ ಕೈಯಲ್ಲೇ ಉದ್ಘಾಟನೆ ಆಗಬೇಕೆಂದು ಸಾಲಿನಲ್ಲಿ ಠರಾವು ಆಯಿತು.

ಕೊನೆಗೆ ಬಾಗಿಲು ಬಂತು, ಬಾಗಿಲಿಗೆ ಬೀಗ ಬಂತು. ಮೇಲೆ ಫಲಕ ಬಂತು. ಅತಿಥಿಗಳಿಗೆ ಮಾತ್ರ.

ಅಂದು ಸಾಹುಕಾರರನ್ನು ದಾರಿಯಲ್ಲಿ ತಡೆದು ಕೇಳಿದವಳು ಜಾಹೀದಾ. "ಸಾವ್ಕಾರ್ರ, ಇದು ನಮಗಲ್ಲೇನ್ರಿ?"

ಸಾಹುಕಾರರು ಸಿಟ್ಟಾಗಲಿಲ್ಲ. ಅವರಿಗೆ ಸಿಟ್ಟು ಬರುವುದೇ ಇಲ್ಲ, ಅದು ಅವರ ದೊಡ್ಡ ಗುಣ. "ನೋಡವಾ, ನಿಮಗ ತ್ರಾಸ ಇದ್ರ ನಿಮಗ ಕಟ್ಟಸ್ತಿದ್ರು. ನೀವ ಆರಾಮ ಅದೇವಿ ಅಂದ್ರಿ, ಏಳನೇ ಮೆಟ್ಟಲ ಅಂದ್ರಿ. ಕಂಪನ್ಯಾರು ಖುಷ್ ಆಗಿ, ಬ್ಯಾಡಗ್ಯಾಗ ಇಂಥಾ ವಖಾರಿ ಇನ್ನೊಂದಿಲ್ಲ ಅಂದ್ರು. ಇನ್ನ ಅವರು ಹೋಗಿ ಬಂದ ಮಾಡ್ತಾರ, ಅವರಿಗೆ ಬೇಕಲ್ಲ ಒಂದು? ನಾ ಏನರ ಸುಳ್ಳ ಹೇಳೇನೇನು? ನಿಮ್ಮ ಬಾಯಿಲೆ ಬಂದದ್ದು."

ಅದು ನಿಜ. ಅವರು ಒಂದು ಸುಳ್ಳನ್ನೂ ಹೇಳಿರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಇಲ್ಲಿ ಒಡೆಯಲು ಮುತ್ತೂ ಇರಲಿಲ್ಲ, ಹೋದದ್ದು ಮಾತೇ. ಆ ವಾರವೆಲ್ಲ ದ್ರಾಕ್ಷಾಯಿಣಿ ತನ್ನನ್ನು ತಾನೇ ಬೈದುಕೊಂಡಳು. ಏಳನೇ ಮೆಟ್ಟಿಲಿನ ರಾಣಿ, ನಿನ್ನ ಸಂಡಾಸಕ್ಕೆ ಬೀಗ ಬಿತ್ತು ನೋಡು ಎಂದುಕೊಂಡಳು. ಒಂದು ಸಂಜೆ ಹಿತ್ತಲಿನಲ್ಲಿ ಮೂತ್ರದ ಜೊತೆ ನೆತ್ತರು ಹೋಯಿತು. ನೀರು ಹಾಕಿ ತೊಳೆದು, ಯಾರಿಗೂ ಹೇಳದೆ ಒಳಗೆ ಬಂದು ಕೂತಳು. ಅವತ್ತು ಮಾತ್ರ ಅವಳಿಗೆ ನಗಲು ಏನೂ ಸಿಗಲಿಲ್ಲ. ಸಿಟ್ಟು ಬಂತು. ಸಾಹುಕಾರರ ಮೇಲೆ ಬಂದದ್ದಕ್ಕಿಂತ ಹೆಚ್ಚು, ತನ್ನ ಬಾಯಿಯ ಮೇಲೆ ಬಂತು.

ಯುಗಾದಿಯ ನಂತರ ಕಂಪನಿಯವರು ಒಂದು ಸಮಾರಂಭ ಇಟ್ಟುಕೊಂಡರು. 'ಸಂತೃಪ್ತ ಕಾರ್ಮಿಕರ ವಖಾರಿ' ಎಂದು ಬರೆದ ಹಿತ್ತಾಳೆ ಫಲಕವನ್ನು ಗೇಟಿಗೆ ಹಾಕುವುದಿತ್ತು. ಹಾವೇರಿಯ ಜಿಲ್ಲಾ ಕಚೇರಿಯಿಂದ ದೊಡ್ಡ ಸಾಹೇಬರು ಬರುವವರಿದ್ದರು. ಸಾಲಿನ ಹೆಂಗಸರಿಗೆ ಅರ್ಧ ದಿನ ಕೆಲಸ ಬಿಡಿಸಿ, ಶಾಮಿಯಾನದ ಹೊರಗೆ ಬಿಸಿಲಿನಲ್ಲಿ ಕೂರಿಸಿದ್ದರು. ಈ ಸಲ ಯಾರೂ ಹೊಸ ಸೀರೆ ಉಟ್ಟಿರಲಿಲ್ಲ. ಹೇಳಿಕೊಂಡು ಬಂದದ್ದಲ್ಲ, ಹಾಗೇ ಆಗಿತ್ತು.

ಮೇಘಾಳೂ ಬಂದಿದ್ದಳು. ಅವಳೇ ಹುಡುಕಿಕೊಂಡು ಬಂದು ದ್ರಾಕ್ಷಾಯಿಣಿಯ ಪಕ್ಕ ಕೂತಳು. "ಚೆನ್ನಾಗಿದೀರಾ ಅಮ್ಮ?"

"ನಮಗ ತ್ರಾಸ ಇಲ್ಲ ಅಂತ ಬರದೀರಂತಲ್ರಿ?"

ಹುಡುಗಿ ಗಲಿಬಿಲಿಗೊಂಡಳು. "ನೀವೇ ಹೇಳಿದ್ರಲ್ವಾ? ಆರಾಮ ಇದೀವಿ ಅಂತ ಎಲ್ರೂ ಒಟ್ಟಿಗೆ ಅಂದ್ರಿ. ನಾನು ಅದನ್ನ ಮೊದಲನೇ ಉತ್ತರ ಅಂತ ಹಾಕ್ಕೊಂಡೆ."

"ಯವ್ವಾ, ಆರಾಮ ಅನ್ನೂದು ನಮ್ಮ ಕಡೆ ನಮಸ್ಕಾರ ಇದ್ದಂಗವ್ವಾ. ನಮಸ್ಕಾರ ಅಂದ್ರ ಯಾರರ ಇಲ್ಲ ಅಂತಾರೇನು? ಸಾಯಾಕತ್ತಾಗೂ ಕೇಳಿದ್ರ ಆರಾಮ ಅಂತೇವಿ ನಾವು. ದವಾಖಾನ್ಯಾಗಷ್ಟ, ಆರಾಮ ಇಲ್ಲ ಅನ್ನೂದು."

ಹುಡುಗಿ ಫೋನನ್ನು ಮಡಿಲಲ್ಲಿ ಬೋರಲು ಹಾಕಿದಳು. ದ್ರಾಕ್ಷಾಯಿಣಿಗೆ ಅವಳ ಮುಖ ನೋಡಿ ಪಾಪ ಎನಿಸಿತು. "ಹೋಗ್ಲಿ ಬಿಡ. ನೀ ಎಷ್ಟನೇ ಮೆಟ್ಟಲದಾಗ ಅದೀವಾ?"

"ನಾನೂ ಏಳೇ ಅಂತಿದ್ದೆ," ಎಂದಳು ಮೇಘಾ. "ಮುಂದಿನ ತಿಂಗಳು ಕಾಂಟ್ರಾಕ್ಟ್ ಮುಗಿಯುತ್ತೆ. ಮತ್ತೆ ತಗೋತಾರೋ ಇಲ್ವೋ ಗೊತ್ತಿಲ್ಲ."

ದ್ರಾಕ್ಷಾಯಿಣಿ ಮೊಣಕೈಯಿಂದ ಅವಳ ಬೆನ್ನು ಸವರಿದಳು. ಅಷ್ಟರಲ್ಲಿ ಶಾಮಿಯಾನದಲ್ಲಿ ಮೈಕು ಗುರ್ರೆಂದು ಸದ್ದು ಮಾಡಿತು. ದೊಡ್ಡ ಸಾಹೇಬರು ಬಂದು ಕೂತರು. ಅವರ ಮುಂದಿನ ಮೇಜಿನ ಮೇಲೆ ಹೂವು, ಗೋಡಂಬಿ, ಬೆವರುತ್ತಿರುವ ತಣ್ಣನೆಯ ನೀರಿನ ಬಾಟಲಿ ಇದ್ದವು. ಸಾಹುಕಾರರು ಸ್ವಾಗತ ಮಾಡಿ, ನಮ್ಮ ವಖಾರಿಯ ಹೆಣ್ಣುಮಕ್ಕಳು ನಮ್ಮ ಮನೆಯವರಿದ್ದಂತೆ ಎಂದರು. ಆಮೇಲೆ ಕೈ ಮಾಡಿ ದ್ರಾಕ್ಷಾಯಿಣಿಯನ್ನು ಕರೆದರು.

"ಬಾರವಾ. ಇಕಿ ನಮ್ಮ ಹಳೇ ಹೆಣ್ಮಗಳ್ರಿ ಸಾಹೇಬ್ರ. ಚಂದ ಮಾತಾಡ್ತಾಳ. ಆರಾಮ ಏನವಾ ದ್ರಾಕ್ಷಾಯಿಣಿ? ಹೇಳ ಸಾಹೇಬ್ರ ಮುಂದ."

ಮೈಕು ಅವಳ ಕೈಗೆ ಬಂತು. ಬಾಯಿ ತನ್ನಷ್ಟಕ್ಕೆ ತಾನೇ ಆ ಎಂದು ತೆರೆಯಿತು. ಹುಟ್ಟಿದಾಗಿನಿಂದ ಆಡಿದ ಮಾತು, ಹಲ್ಲಿನ ಹಿಂದೆಯೇ ಕಾಯುತ್ತಿತ್ತು. ಎದುರಿಗೆ ಗಂಡಸರ ಸಾಲು, ಎಷ್ಟೊಂದು ಮೀಸೆ. ಪಕ್ಕೆಯಲ್ಲಿ ಹರಳು ಚುಚ್ಚಿತು. ದ್ರಾಕ್ಷಾಯಿಣಿ ಹಿತ್ತಲಿನ ಆಡನ್ನು ನೆನೆಸಿಕೊಂಡಳು. ಈ ಮೀಸೆಗಳೆಲ್ಲ ಆಡಿನ ಗಡ್ಡವೇ ಎಂದುಕೊಂಡಳು.

"ಆರಾಮ ಇಲ್ರಿ," ಎಂದಳು.

ಮೈಕಿನಲ್ಲಿ ಅದು ಗೇಟಿನವರೆಗೂ ಕೇಳಿಸಿತು. ಸಾಹುಕಾರರು ನಗುಮುಖ ಬಿಡಲಿಲ್ಲ. "ಯಾಕವಾ, ಜ್ವರ ಏನರ ಬಂದಾವೇನು?"

"ಇಲ್ರಿ. ನೀರಡಿಸೈತ್ರಿ."

ಅವಳು ಮುಂದೆ ಹೋಗಿ ಸಾಹೇಬರ ಮೇಜಿನ ಮೇಲಿದ್ದ ಬಾಟಲಿ ಎತ್ತಿಕೊಂಡಳು. ಮುಚ್ಚಳ ತಿರುವಿ, ಮೇಲೆತ್ತಿ, ಗಟಗಟನೆ ಕುಡಿದಳು. ನೀರು ಗಂಟಲಲ್ಲಿ ಇಳಿಯುವ ಸದ್ದು ಮೈಕಿನಲ್ಲಿ ಕೇಳಿಸಿತು. ನಟ್ಟನಡು ಮಧ್ಯಾಹ್ನ, ಎಷ್ಟೋ ವರ್ಷದ ಮೇಲೆ, ವಖಾರಿಯಲ್ಲಿ ಅವಳು ನೀರು ಕುಡಿದಳು. ಕಣ್ಣು ತುಂಬಿ ಬಂದವು, ಘಾಟಿನಿಂದಲ್ಲ. ಖಾಲಿ ಬಾಟಲಿಯನ್ನು ಹೂವಿನ ಪಕ್ಕದಲ್ಲಿಟ್ಟು ಬಾಯಿ ಒರೆಸಿಕೊಂಡಳು.

"ನೀರ ಕುಡದ್ನಿರಿ ಸಾಹೇಬ್ರ. ಇನ್ನೊಂದ ತಾಸಿನ್ಯಾಗ ನನಗ ಒಂದಕ್ಕ ಬರತೈತ್ರಿ. ಎಲ್ಲಿ ಹೋಗ್ಲಿ, ನೀವ ಹೇಳ್ರಿ."

ಸಾಹೇಬರು ಸಾಹುಕಾರರ ಮುಖ ನೋಡಿದರು. ಸಾಹುಕಾರರು ಗೇಟಿಗೆ ಹಾಕಲು ತಂದ ಹಿತ್ತಾಳೆ ಫಲಕ ನೋಡಿದರು.

"ಮೂತ್ರದಾಗ ನೆತ್ತರ ಹೊಂಟೈತ್ರಿ ನನಗ," ಎಂದಳು ದ್ರಾಕ್ಷಾಯಿಣಿ. ಮೈಕು ಬಿಟ್ಟಿರಲಿಲ್ಲ. "ಅವತ್ತ ಹೇಳಾಕ ನಾಚಿಕಿ ಬಂತ್ರಿ. ನಾಚಿಗ್ಗೇಡಿ ನಾನು, ನಾಚಬಾರದ್ರಾಗ ನಾಚಿದ್ನಿ. ಏಳನೇ ಮೆಟ್ಟಲ ಅಂತ ಹೇಳಿದ್ನಿ. ಸುಳ್ಳರಿ ಅದು. ಏಣಿ ನಾವು ಮುಟ್ಟೇ ಇಲ್ಲ."

ಹಿಂದೆ ಬಿಸಿಲಿನಲ್ಲಿ ಜಾಹೀದಾ ಎದ್ದಳು. ಹಮಾಲರ ನೀರಿನ ಗಡಿಗೆಯ ಹತ್ತಿರ ಹೋಗಿ ಒಂದು ತಂಬಿಗೆ ಎತ್ತಿ ಕುಡಿದಳು. "ನನಗೂ ಆರಾಮ ಇಲ್ರಿ," ಎಂದಳು. ಅವತ್ತು ಮಲ್ಲಿಗೆ ಮುಡಿದಿದ್ದವಳು ಕುಡಿದಳು. ತಂಬಿಗೆ ಕೈಯಿಂದ ಕೈಗೆ ಹೋಯಿತು. ಗಡಿಗೆ ತೀರಿದಾಗ ಹಜರತಅಲಿ ಇನ್ನೊಂದು ತುಂಬಿಕೊಂಡು ಬಂದ. ಕುಡಿದವರೆಲ್ಲ ಒಬ್ಬೊಬ್ಬರಾಗಿ ಆರಾಮ ಇಲ್ರಿ, ಆರಾಮ ಇಲ್ರಿ ಎನ್ನುತ್ತ ಎದ್ದು ಬಂದರು. ಕೂಗಲಿಲ್ಲ. ದಿನಾ ಆರಾಮ ಅದೇವ್ರಿ ಎನ್ನುವ ದನಿಯಲ್ಲಿಯೇ ಅಂದರು.

ಹಾಗೆ ಎದ್ದು ಬಂದವರು ಆಫೀಸಿನ ಪಕ್ಕದ ನೀಲಿ ಟೈಲ್ಸಿನ ಬಾಗಿಲ ಮುಂದೆ ಪಾಳಿ ಹಚ್ಚಿದರು. ರೇಷನ್ ಅಂಗಡಿಯ ಮುಂದೆ ನಿಂತು ನಿಂತು ಪಳಗಿದ ಪಾಳಿ, ಯಾರೂ ಯಾರನ್ನೂ ತಳ್ಳಲಿಲ್ಲ. ದ್ರಾಕ್ಷಾಯಿಣಿ ಮೈಕನ್ನು ಸಾಹೇಬರ ಮುಂದಿಟ್ಟು ಪಾಳಿಯ ಕೊನೆಗೆ ಹೋಗಿ ನಿಂತಳು. ಅವಳ ಹಿಂದೆ ಬಂದು ನಿಂತವಳು ಯಾರೆಂದು ತಿರುಗಿ ನೋಡಿದರೆ ಮೇಘಾ.

"ನೀ ಅತಿಥಿ ಅಲ್ಲೇನವ್ವಾ? ನಿನಗ ತಗೀತಾರ."

"ಪಾಳೀಲೇ ಬರ್ತೀನಿ ಅಮ್ಮ," ಎಂದಳು ಹುಡುಗಿ.

ಬೀಗದ ಕೈ ಸಾಹುಕಾರರ ಸೊಂಟದಲ್ಲಿತ್ತು. ಅವರು ಎದ್ದು ನಿಂತಿದ್ದರು. ನಗು ಹಾಗೇ ಇತ್ತು, ಇಳಿಸುವುದನ್ನು ಮರೆತಂತೆ. ಪಾಳಿಯ ಮುಂದೆ, ಠರಾವಿನ ಪ್ರಕಾರ, ಮೈಲವ್ವ ನಿಂತಿದ್ದಳು. ಅವಳು ಬಾಗಿಲ ಮೇಲಿನ ಫಲಕ ನೋಡಿದಳು. ಓದಲು ಬರುತ್ತಿರಲಿಲ್ಲ. ಕೋಲಿನಿಂದ ಬೀಗವನ್ನು ಒಮ್ಮೆ ತಟ್ಟಿ, ತಿರುಗಿ ಹೇಳಿದಳು.

"ಲಗೂ ತಗೀರಿ ಸಾವ್ಕಾರ್ರ. ನಂದ ವಯಸ್ಸಾಗೈತಿ. ಇನ್ನ ತಡಕೊಳ್ಳಾಕ ಆಗಾಂಗಿಲ್ಲ."